ಗಾಲ್ಫ್ ಮೈದಾನದಲ್ಲಿ ಎರಡು ರೊಟ್ಟಿ

ತಡಸದ ತಂಗಿ ಮನೆಯಿಂದ ಊರಿಗೆ ಹೊರಟಿದ್ದೆ. ಬಸ್ಸು ತಡ ಅಂದರು. ರಸ್ತೆ ಪಕ್ಕದ ಹಳೇ ಗಾಲ್ಫ್ ಮೈದಾನದಲ್ಲಿ, ಬೇವಿನ ಬುಡಕ್ಕೆ ಕೂತು ರೊಟ್ಟಿ ಗಂಟು ಬಿಚ್ಚಿದೆ. ಬಿಳೀ ಚೆಂಡೊಂದು ಉರುಳಿ ಬಂದು ನನ್ನ ಸೀರೆಗೆ ತಾಗಿ ನಿಂತಿತು. ಅದರ ಹಿಂದೆ ಕೋಲು ಹಿಡಿದ ಇಬ್ಬರು ಮುದುಕರು ಬಂದರು. ಒಬ್ಬರಿಗೊಬ್ಬರು ಬೀಗರು.

"ಏಳಲೇನ್ರಿ?" ಅಂದೆ.

"ಬ್ಯಾಡ್ರಿ ಅವ್ವಾ, ಆರಾಮ ಕುಂತ್ರಿ," ಅಂದರು ಹೊಟ್ಟೆ ದಪ್ಪಗಿದ್ದವರು.

ಬಿಳಿ ಸಾಹೇಬರ ಕಾಲದಿಂದ ಇಲ್ಲಿ ಒಂದು ರೂಢಿಯಂತೆ. ಮಲಗಿದ ದನದ ಹತ್ತಿರ ಚೆಂಡು ಬಿದ್ದರೆ, ದನ ತಾನಾಗಿ ಏಳುವವರೆಗೆ ಕಾಯಬೇಕು. ಅಷ್ಟರಲ್ಲಿ ಹೊತ್ತು ಮುಳುಗಿದರೆ ಆಟ ರದ್ದು.

"ನಾ ಏನ್ ಎಮ್ಮಿ ಏನ್ರಿ?"

"ಎಮ್ಮಿಗೇ ಮರ್ಯಾದಿ ಕೊಡ್ತೇವಿ, ನಿಮಗ ಕೊಡಂಗಿಲ್ಲೇನ್ರಿ?"

ತೆಳ್ಳಗಿದ್ದವರ ಮುಖ ಸಣ್ಣಗಾಯಿತು. ಚೆಂಡು ಅವರದು. ಬೀಗರನ್ನು ಅವರು ಒಮ್ಮೆಯೂ ಸೋಲಿಸಿಲ್ಲವಂತೆ. ಇದೊಂದು ಎದುರಿನ ಕುಳಿಗೆ ಬಿದ್ದರೆ ಗೆದ್ದಂತೆ. ಸೂರ್ಯ ಆಗಲೇ ಗುಡ್ಡ ಮುಟ್ಟಿದ್ದ. ನಾನು ಅವಸರ ಮಾಡಲಿಲ್ಲ. ತಂಗಿ ಮಾಡಿದ ಪುಂಡಿಪಲ್ಲೆ ರುಚಿಯಾಗಿತ್ತು. ಎರಡನೇ ರೊಟ್ಟಿಯನ್ನೂ ಮುಗಿಸಿ, ಸೀರೆ ಕೊಡವದೆ ಮೆಲ್ಲಗೆ ಎದ್ದೆ.

ತೆಳ್ಳಗಿದ್ದವರು ಹೊಡೆದರು. ಚೆಂಡು ಓಡಿ ಹೋಗಿ ಕುಳಿಗೆ ಬಿತ್ತು.

ಅವರ ಬೀಗರು ನನ್ನ ಕಡೆ ತಿರುಗಿದರು. "ಅವ್ವಾ, ಇನ್ನೊಂದ ರೊಟ್ಟಿ ತಿನ್ನಬೇಕಿತ್ತ ನೋಡ್ರಿ ನೀವು."