ಬರಿಗಾಲಿನ ತಪಾಸಣೆ

ಕೋವಿಡ್ ಗದ್ದಲ ಅಡಗಿ ಕಚೇರಿಗಳು ಮತ್ತೆ ಹಳಿಗೆ ಬಂದಿದ್ದ ವರ್ಷ. ನಾನಾಗ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದ್ದ ಒಂದು ಕಾಂಪೋಸ್ಟ್ ಘಟಕದ ಮುಖ್ಯಸ್ಥೆ. ಘಟಕ ಒಂದು ಸ್ವಯಂಸೇವಾ ಸಂಸ್ಥೆಯದು. ಹೋಟೆಲು, ಕಲ್ಯಾಣ ಮಂಟಪ, ಕಾಯಿಪಲ್ಲೆ ಮಾರುಕಟ್ಟೆಗಳ ಹಸಿ ಕಸ ತಂದು, ಕೊಳೆಸಿ, ಜರಡಿ ಹಿಡಿದು ಸುತ್ತಲಿನ ಹಳ್ಳಿಗಳ ರೈತರಿಗೆ ಗೊಬ್ಬರವಾಗಿ ಕೊಡುವುದು ನಮ್ಮ ಕೆಲಸ. ಇದೇ ಸಂಸ್ಥೆಯ ಇನ್ನೊಂದು ಘಟಕ ರಾಯಾಪುರದಲ್ಲಿತ್ತು. ಧಾರವಾಡದ ಕಸ ಅಲ್ಲಿಗೆ ಹೋಗುತ್ತಿತ್ತು. ಅದರ ಮುಖ್ಯಸ್ಥೆ ಮಾಲತಿ. ಈ ಕಥೆ ಕಸದ್ದು ಎಷ್ಟೋ, ಮಾಲತಿಯ ಮೇಲೆ ನನಗಿದ್ದ ಹೊಟ್ಟೆಕಿಚ್ಚಿನದೂ ಅಷ್ಟೇ.

ಎರಡೂ ಘಟಕ ನಡೆಯುತ್ತಿದ್ದುದು ಯುರೋಪಿನ ಒಂದು ದೇಶ ಕೊಡುತ್ತಿದ್ದ ನಿಧಿಯಿಂದ. ಅಷ್ಟು ದೂರದವರು ನಮ್ಮ ಕಸಕ್ಕೆ ಯಾಕೆ ದುಡ್ಡು ಸುರಿಯಬೇಕು ಎಂದು ನೆಂಟರು ಕೇಳುತ್ತಿದ್ದರು. ಕಸ ಗಾಳಿಯಾಡದೆ ಕೊಳೆತರೆ ಮೀಥೇನ್ ಎಂಬ ಅನಿಲ ಏಳುತ್ತದೆ, ಅದು ಭೂಮಿಯ ಬಿಸಿ ಏರಿಸುತ್ತದೆ, ಅದಕ್ಕೆ ಯಾವ ದೇಶದ ಗಡಿಯೂ ಅಡ್ಡ ಬರುವುದಿಲ್ಲ ಎಂದು ನಾನು ಹೇಳುತ್ತಿದ್ದೆ. ನಿಧಿಯ ಉದ್ದೇಶ ಬರೀ ಗೊಬ್ಬರ ಮಾಡಿಸುವುದಾಗಿರಲಿಲ್ಲ. ಅವರದೊಂದು ನಗರ, ಪೂರ್ವ ಆಫ್ರಿಕದ್ದೊಂದು, ನಮ್ಮದೊಂದು, ಈ ಮೂರೂ ಸೇರಿ ಕಾಂಪೋಸ್ಟಿಗೆ ಒಂದು ಸಮಾನ ಮಾನದಂಡ ರೂಪಿಸಬೇಕು, ಮುಂದೆ ಮೂರೂ ಸರಕಾರಗಳು ಅದನ್ನು ನೀತಿಯಾಗಿ ಒಪ್ಪಿಕೊಳ್ಳಬೇಕು ಎನ್ನುವುದು ಅವರ ಯೋಜನೆ. ಮೊದಲ ಹಂತ ಮುಗಿಯುತ್ತ ಬಂದಿತ್ತು. ಎರಡನೇ ಹಂತ ಮಂಜೂರಾದರೆ ಮೂರೂ ನಗರಗಳ ನಡುವೆ ಓಡಾಡುವ ಸಂಯೋಜಕಿಯ ಹುದ್ದೆಯೊಂದು ನಮ್ಮ ಪಾಲಿಗೆ ಬರುವುದಿತ್ತು. ಒಂದೇ ಹುದ್ದೆ. ಅದು ನನಗೆ ಬೇಕಿತ್ತು.

ಅಡ್ಡವಾಗಿದ್ದವಳು ಮಾಲತಿ. ಧಾರವಾಡದ ಹಳೆಯ ಮನೆತನ, ಅಜ್ಜ ಹೆಡ್‌ಮಾಸ್ತರರು, ಅತ್ತೆಯ ಮನೆಯಲ್ಲಿ ಸಂಜೆಯಾದರೆ ತಂಬೂರಿ. ಕನ್ನಡ ಮಾತಾಡಿದರೂ ಇಂಗ್ಲಿಷ್ ಮಾತಾಡಿದರೂ ಎದುರಿನವರು ತಲೆದೂಗಬೇಕು. ನಾನು ರೈಲ್ವೆ ವರ್ಕ್‌ಶಾಪಿನ ಫಿಟರನ ಮಗಳು. ನನ್ನ ದನಿಯೇ ದೊಡ್ಡದು, ಯಂತ್ರದ ಸದ್ದಿನ ನಡುವೆ ಕೂಗಿ ಕೂಗಿ ಇನ್ನೂ ದೊಡ್ಡದಾಗಿತ್ತು. ನಿಧಿಯ ಅಧಿಕಾರಿ ಇಂಗ್ರಿಡ್ ಬಂದಾಗಲೆಲ್ಲ ನನ್ನ ಘಟಕದಲ್ಲಿ ಅಂಕಿಸಂಖ್ಯೆ ಕೇಳುತ್ತಿದ್ದರು, ಮಾಲತಿಯ ಘಟಕದಲ್ಲಿ ಚಹಾ ಕುಡಿದು ಕುಳಿತುಬಿಡುತ್ತಿದ್ದರು. ಒಮ್ಮೆ ಮಾಲತಿ ಉಟ್ಟ ಇಳಕಲ್ ಸೀರೆಯ ಟೋಪ ಸೆರಗನ್ನು ಹಿಡಿದು ನೋಡುತ್ತ ಕಾಲು ಗಂಟೆ ಕಳೆದರು. ನನಗೂ ಇಳಕಲ್ ಸೀರೆ ಇತ್ತು. ಕಸದ ರಾಶಿಯ ನಡುವೆ ಉಡಬೇಕು ಎಂದು ನನಗೆ ಹೊಳೆದಿರಲಿಲ್ಲ, ಅಷ್ಟೇ.

ಹಂತ ಮುಗಿಯುವ ಮೊದಲು ನಿಧಿಯವರು ಒಂದು ಷರತ್ತು ಹಾಕಿದರು. ಅದರ ಹೆಸರು ಪೀರ್ ರಿವ್ಯೂ. ಮೇಲಿನವರು ಬಂದು ತಪಾಸಣೆ ಮಾಡುವ ಬದಲು, ಸಮಾನ ಸ್ಥಾನದಲ್ಲಿರುವವರೇ ಒಬ್ಬರ ಕೆಲಸವನ್ನು ಒಬ್ಬರು ಪರಿಶೀಲಿಸಿ ವರದಿ ಕೊಡಬೇಕು. ಪ್ರತಿ ನಗರದಲ್ಲೂ ಎರಡೆರಡು ಘಟಕ. ಹಾಗಾಗಿ ಮಾಲತಿಯದನ್ನು ನಾನು ನೋಡಬೇಕು, ನನ್ನದನ್ನು ಮಾಲತಿ. ನಮ್ಮ ಕಡೆ ಇಂಥದ್ದೆಲ್ಲ ಹೇಗೆ ನಡೆಯುತ್ತದೆಂಬುದು ನೌಕರಿ ಮಾಡಿದವರಿಗೆ ಗೊತ್ತು. ಜೊತೆಯವರ ಮೇಲೆ ಯಾರೂ ಕೆಟ್ಟದ್ದು ಬರೆಯುವುದಿಲ್ಲ. ಸಂಸ್ಥೆಯ ನಿರ್ದೇಶಕರಾದ ಹಿರೇಮಠ ಸರ್ ಇಬ್ಬರನ್ನೂ ಕರೆದು ಅದನ್ನೇ ಹೇಳಿದರು.

"ನೀವು ಅವರಿಗೆ ಛಲೋ ಬರೀರಿ, ಅವರು ನಿಮಗ ಛಲೋ ಬರೀತಾರ. ಚಹಾ ಕುಡದು ಮುಗಸ್ರಿ."

ಮಾಲತಿ ನಕ್ಕಳು. ನಾನೂ ನಕ್ಕೆ. ಮೊಸರಿನಲ್ಲಿ ಕಲ್ಲು ಹುಡುಕಲು ಸರಕಾರಿ ಆಜ್ಞೆ ಸಿಕ್ಕಷ್ಟು ಖುಷಿ ನನಗೆ.

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಹತ್ತಿ ರಾಯಾಪುರಕ್ಕೆ ಹೋದೆ. ಒಂದು ಸಲವಲ್ಲ, ಹೇಳದೆ ಕೇಳದೆ ಹಲವು ಸಲ. ರಾಶಿಗೆ ಮೊಣಕೈವರೆಗೆ ಕೈ ಹಾಕಿ ಬಿಸಿ ನೋಡಿದೆ, ಮೂಸಿದೆ, ಮುಷ್ಟಿಯಲ್ಲಿ ಹಿಂಡಿದೆ. ಮೊದಲ ಮಳೆ ಬಿದ್ದ ಎರೆಭೂಮಿಯ ವಾಸನೆ. ಜರಡಿಯಲ್ಲಿ ತೂತಿಲ್ಲ, ಚೀಲದಲ್ಲಿ ಹೊಲಿಗೆ ಬಿಟ್ಟಿಲ್ಲ. ಕೆಲಸದ ಹೆಣ್ಣುಮಕ್ಕಳ ಕೈಗೆ ಗ್ಲೋವ್ಸ್, ಕಾಲಿಗೆ ಗಮ್‌ಬೂಟು. ಪ್ರಯೋಗಾಲಯದ ಫಲಿತಾಂಶವೂ ಸರಿಯಿತ್ತು. ಗಾಜಿನ ಚೂರು ಇಷ್ಟರವರೆಗೆ ಇದ್ದರೆ ನಡೆಯುತ್ತದೆ ಎಂದು ಕರಡು ಮಾನದಂಡದಲ್ಲಿ ಒಂದು ಮಿತಿ ಇತ್ತು. ಮಾಲತಿಯ ಗೊಬ್ಬರ ಆ ಮಿತಿಗಿಂತ ಎಷ್ಟೋ ಕೆಳಗಿತ್ತು. ಒಳ್ಳೆಯ ಗೊಬ್ಬರ ನೋಡಿ ಅಷ್ಟು ಸಂಕಟಪಟ್ಟವರು ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಉಳಿದಿದ್ದು ಹೊಲ. ಮಾಲತಿಯ ಗೊಬ್ಬರ ಹೆಚ್ಚಾಗಿ ಹೋಗುತ್ತಿದ್ದುದು ಉಪ್ಪಿನಬೆಟಗೇರಿಗೆ. ಅಲ್ಲಿ ಗಂಗವ್ವ ಎಂಬ ರೈತ ಹೆಂಗಸಿನ ಹೊಲವನ್ನೇ ಸಂಸ್ಥೆಯವರು ಬಂದವರಿಗೆಲ್ಲ ತೋರಿಸುತ್ತಿದ್ದರು. ಇಂಗ್ರಿಡ್ ಕೂಡ ನೋಡಿ ಹೊಗಳಿದ್ದರು. ವರದಿ ಕೊಡುವ ದಿನ ಹತ್ತಿರ ಬಂದಿತ್ತು. ಅಂದು ಸೀಗೀ ಹುಣ್ಣಿಮೆ, ರಜೆ. ಹಬ್ಬದ ದಿನ ಮನೆಮಂದಿಯನ್ನು ಬಿಟ್ಟು ತಪಾಸಣೆಗೆ ಹೋಗಬೇಕೆಂದರೆ ಒಂದೋ ಕರ್ತವ್ಯನಿಷ್ಠೆ ಇರಬೇಕು, ಇಲ್ಲವೇ ನನಗಿದ್ದದ್ದು ಇರಬೇಕು.

ಗಂಗವ್ವನ ಮನೆಯವರು ಬುಟ್ಟಿ ಹೊತ್ತು ಹೊಲಕ್ಕೆ ಹೊರಟಿದ್ದರು. ನಮ್ಮ ಸೀಮೆಯಲ್ಲಿ ಆ ದಿನ ಬೆಳೆ ನಿಂತ ಹೊಲವನ್ನು ಬಸುರಿ ಹೆಂಗಸೆಂದು ಭಾವಿಸಿ ಉಡಿ ತುಂಬುತ್ತಾರೆ. ಹೋಳಿಗೆ, ಕಡುಬು, ಅನ್ನ, ಪಲ್ಲೆಗಳನ್ನು ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಬದುವಿಗೆ ಬರುತ್ತಲೇ ಎಲ್ಲರೂ ಚಪ್ಪಲಿ ಬಿಟ್ಟರು. ಬಸುರಿಯ ಮೈಮೇಲೆ ಚಪ್ಪಲಿ ಹಾಕಿ ನಡೆಯುವವರುಂಟೇ? ನಾನೂ ಬೂಟು ಬಿಚ್ಚಿದೆ. ಇಷ್ಟು ವರ್ಷದ ಕೆಲಸದಲ್ಲಿ ನಾನಾಗಲಿ, ಮಾಲತಿಯಾಗಲಿ, ಇಂಗ್ರಿಡ್ ಆಗಲಿ ಗೊಬ್ಬರ ಹಾಕಿದ ಹೊಲಕ್ಕೆ ಬೂಟಿಲ್ಲದೆ ಇಳಿದದ್ದಿರಲಿಲ್ಲ.

ಹತ್ತಿಯ ಸಾಲು ಅರ್ಧ ದಾಟಿರಲಿಲ್ಲ, ಹಿಮ್ಮಡಿಗೆ ಚುಚ್ಚಿತು. ಕೂತು ಎಳೆದು ತೆಗೆದೆ. ಜೋಳದ ಕಾಳಿನಷ್ಟು ಚಿಕ್ಕ ಗಾಜು, ಬಾಟಲಿಯದು. ರಕ್ತ ಹರಿಯುತ್ತಿತ್ತು. ನೋವಿಗಿಂತ ಮೊದಲು ನನಗೆ ಆದದ್ದು ಆನಂದ. ಸಿಕ್ಕಿತು, ಕೊನೆಗೂ ಸಿಕ್ಕಿತು ಎಂದುಕೊಂಡೆ.

ಗಂಗವ್ವ ಅರಿಷಿಣ ಒತ್ತಿ, ಹಳೆಯ ಅರಿವೆಯ ಚಿಂದಿ ಕಟ್ಟಿದಳು.

"ನಮಗ ರೂಢಿ ಆಗೇತ್ರಿ ಬಾಯಾರ. ಈ ಗೊಬ್ಬರ ಹಾಕಾಕತ್ತಿಂದ ಮನ್ಯಾಗ ಎಲ್ಲಾರ ಕಾಲಿಗೂ ಆಗೇತಿ."

"ಮತ್ತ ಮಾಲತಿ ಮೇಡಂಗ ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳೂದ್ರಿ? ಬಂದಾಗೊಮ್ಮೆ ಮನಿಮಂದೀನೆಲ್ಲಾ ಹೆಸರ ಹಿಡದು ಕೇಳ್ತಾರ. ಅಂಥಾವ್ರ ಮುಂದ ಕುಂದ ಆಡಾಕ ಬಾಯಿ ಬರಬೇಕಲ್ರಿ. ಪರದೇಶದ ಬಾಯಾರಂತೂ ಮನಿಗೆ ಬಂದ ಅತಿಥಿ."

ಮಾಲತಿಯ ಸವಿಮಾತೇ ಅವಳ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಇದನ್ನು ಅರಿತಾಗ ನನಗೆ ಹೋಳಿಗೆಯ ರುಚಿ ಇನ್ನಷ್ಟು ಹೆಚ್ಚಿತು.

ಮರುದಿನ ಕುಂಟುತ್ತ ರಾಯಾಪುರಕ್ಕೆ ಹೋಗಿ ಗಾಜಿನ ಚೂರನ್ನು ಮಾಲತಿಯ ಮೇಜಿನ ಮೇಲೆ ಇಟ್ಟೆ. ಎಲ್ಲ ಹೇಳಿದೆ, ಸ್ವಲ್ಪ ಹೆಚ್ಚಾಗಿಯೇ ಹೇಳಿದೆ. ಅವಳು ಚೂರನ್ನು ಬೆಳಕಿಗೆ ಹಿಡಿದು ನೋಡಿದಳು. ಮುಖ ಸಣ್ಣದಾಯಿತು. ಆಮೇಲೆ ಮೆಲ್ಲಗೆ ಕೇಳಿದಳು.

"ನಿಮ್ಮ ಗೊಬ್ಬರ ಹಾಕಿದ ಹೊಲದಾಗ ನೀವು ಬರಿಗಾಲಿಲೆ ಅಡ್ಡಾಡೀರೇನ್ರಿ ಪದ್ಮಾ ಅವರ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ನನ್ನದಾಯಿತು. ಅಂದೇ ಇಬ್ಬರೂ ನನ್ನ ಗೊಬ್ಬರ ಹೋಗುತ್ತಿದ್ದ ಕುಂದಗೋಳ ಕಡೆಯ ಹೊಲಗಳಿಗೆ ಹೋದೆವು. ಕಾಲಿಗೆ ಪಟ್ಟಿ ಇದ್ದುದರಿಂದ ನಾನು ಬದುವಿನ ಮೇಲೆ ಕುಳಿತೆ. ಮಾಲತಿ ಚಪ್ಪಲಿ ಬಿಟ್ಟು, ನಿರಿಗೆ ಎತ್ತಿ ಕಟ್ಟಿ, ಮೆಣಸಿನ ಗಿಡಗಳ ಸಾಲಿಗೆ ಇಳಿದಳು. ಏನೂ ಸಿಗದಿರಲಿ ಎಂದು ಮನೆದೇವರಿಗೆ ಹರಕೆ ಹೊತ್ತೆ. ಅವಳು ಬಗ್ಗಿದಳು. ಎದ್ದು ಎರಡು ಹೆಜ್ಜೆ ಇಟ್ಟು ಮತ್ತೆ ಬಗ್ಗಿದಳು. ತಿರುಗಿ ಬಂದಾಗ ಸೆರಗಿನ ತುದಿಯಲ್ಲಿ ಗಾಜಿನ ಗಂಟು. ರಾಯಾಪುರದ ಗೊಬ್ಬರಕ್ಕಿಂತ ನನ್ನದರಲ್ಲಿ ಹೆಚ್ಚಿತ್ತು. ಬಾಟಲಿ ಬೆರೆತ ಕಲ್ಯಾಣ ಮಂಟಪಗಳ ಕಸ ಬರುತ್ತಿದ್ದುದು ನನ್ನ ಘಟಕಕ್ಕೇ ಅಲ್ಲವೇ. ಅವಳು ಗಂಟು ಬಿಚ್ಚಿ ನನ್ನ ಅಂಗೈಗೆ ಸುರಿದಳು, ಅಷ್ಟೇ. ಕುಟುಕಿ ಮಾತಾಡಿದ್ದರೆ ನಾನು ಜಗಳ ಆಡಬಹುದಿತ್ತು.

ಇಬ್ಬರೂ ಕಂಡದ್ದನ್ನು ಕಂಡಂತೆ ಬರೆದೆವು. ಹಿರೇಮಠ ಸರ್ ಓದಿ ತಲೆ ಹಿಡಿದುಕೊಂಡರು. "ಫಂಡ್ ನಿಂತ್ರ ಹುದ್ದೆ ಎಲ್ಲೀದು? ಕೆಲಸದ ಹೆಣ್ಣಮಕ್ಕಳ ಪಗಾರ ಎಲ್ಲೀದು? ಗಾಜಿನ ಮಾತು ತಗೀರಿ" ಎಂದರು. ಅವರ ಮಾತು ಸುಳ್ಳಾಗಿರಲಿಲ್ಲ. ನನಗೂ ಅಳುಕಿತ್ತು. ಆದರೆ ಮಾಲತಿ ನನ್ನ ಮೇಲೆ ಬರೆದದ್ದನ್ನು ತೆಗೆಯದೆ ನಾನು ಅವಳ ಮೇಲೆ ಬರೆದದ್ದನ್ನು ತೆಗೆಯುವ ಮಾತೇ ಇರಲಿಲ್ಲ. "ಅವರು ಮೊದಲ ತಗೀಲಿ" ಎಂದೆ. "ಪದ್ಮಾ ಅವರು ತಗದ್ರ ನೋಡೋಣಂತ" ಎಂದಳು ಅವಳು. ಎತ್ತು ಏರಿಗೆ, ಕೋಣ ನೀರಿಗೆ. ಈ ಎಳೆದಾಟದಲ್ಲಿ ಎರಡೂ ವರದಿ ಇದ್ದಂತೆಯೇ ಹೋದವು.

ಸಭೆ ನಡೆದದ್ದು ನಮ್ಮ ಸಂಸ್ಥೆಯ ಹಾಲ್‌ನಲ್ಲಿ. ಇಂಗ್ರಿಡ್ ಬಂದಿದ್ದರು, ಉಳಿದ ಎರಡು ನಗರದವರು ಪರದೆಯ ಮೇಲಿದ್ದರು. ಯುರೋಪಿನ ನಗರದ ಎರಡು ಘಟಕಗಳೂ ಒಂದನ್ನೊಂದು ಹೊಗಳಿದ್ದವು. ಆಫ್ರಿಕದವೂ ಅಷ್ಟೇ. ಹಿರೇಮಠ ಸರ್ ಹೇಳಿದ್ದು ಬರೀ ನಮ್ಮ ಸೀಮೆಯ ರೂಢಿಯಲ್ಲ ಎಂದು ಆಗ ತಿಳಿಯಿತು. ನಮ್ಮ ವರದಿಯ ಸರದಿ ಬಂದಾಗ ಗಾಜಿನ ಮಾತು ಎದ್ದಿತು. ಮಾನದಂಡ ಬರೆದವರ ದೇಶದಲ್ಲಿ ಗೊಬ್ಬರ ಹರಡುವುದು ಯಂತ್ರ, ಹೊಲಕ್ಕೆ ಇಳಿಯುವುದು ಬೂಟುಗಾಲು. ಹಾಗಾಗಿ ಮಿತಿ ಹಾಕುವಾಗ ಅಂಗಾಲು ಯಾರ ನೆನಪಿಗೂ ಬಂದಿರಲಿಲ್ಲ. ಆಫ್ರಿಕದ ನಗರದ ಪ್ರತಿನಿಧಿ, ತಮ್ಮ ರೈತರೂ ಬರಿಗಾಲಿನವರೇ, ತಾವೂ ಇದನ್ನು ಕೇಳಿ ನೋಡಿಲ್ಲ ಎಂದರು.

ನಿಧಿ ನಿಲ್ಲಲಿಲ್ಲ. ಗಾಜಿನ ಮಿತಿಯನ್ನು ಮೂರೂ ನಗರಗಳು ಸೇರಿ ಹೊಸದಾಗಿ ಬರೆಯಬೇಕೆಂದು ತೀರ್ಮಾನವಾಯಿತು. ಗೊಬ್ಬರವಾದ ಮೇಲೆ ಗಾಜು ಆರಿಸಲಾಗದು, ಕಸ ಹುಟ್ಟುವಲ್ಲಿಯೇ ಬೇರೆ ಮಾಡಬೇಕು. ಎರಡನೇ ಹಂತದ ಹಣದಲ್ಲಿ ದೊಡ್ಡ ಪಾಲು ಅದಕ್ಕೇ ಹೋಯಿತು. ಆಮೇಲೆ ಇಂಗ್ರಿಡ್ ನಮ್ಮಿಬ್ಬರನ್ನೂ ನೋಡಿ, ಇಷ್ಟು ಪ್ರಾಮಾಣಿಕವಾಗಿ ಬರೆಯಲು ನಿಮಗೆ ಹೇಗೆ ಸಾಧ್ಯವಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಲತಿ ತನ್ನ ಚೆಂದದ ಇಂಗ್ಲಿಷಿನಲ್ಲಿ ಹೇಳಿದಳು, ಅದಕ್ಕೆ ಕಾರಣ ನಮ್ಮ ಪರಸ್ಪರ ವಿಶ್ವಾಸ ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ಹುದ್ದೆ ಅವಳಿಗೆ ಹೋಯಿತು.

ನನ್ನ ಕಾಲು ಕೊಯ್ದದ್ದು ಅವಳ ಗಾಜು, ಮೇಲೇರಿದ್ದು ಅವಳು. ವಾರಗಟ್ಟಲೆ ನಾನು ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಒಂದು ದಿನ ರಾಯಾಪುರದಲ್ಲಿ ಅವಳೆದುರು ಕೂತು ಕೇಳಿಯೇಬಿಟ್ಟೆ.

"ವಿಶ್ವಾಸ ಅಂತ ಯಾಕ ಸುಳ್ಳ ಹೇಳಿದ್ರಿ ಮೇಡಂ? ನಿಮ್ಮನ್ನ ಕಂಡ್ರ ನನಗ ಹೊಟ್ಟಿಕಿಚ್ಚು. ನಿಮಗೂ ಗೊತ್ತೈತಿ."

"ಗೊತ್ತದ ರೀ" ಎಂದಳು, ನನ್ನ ಕಪ್ಪಿಗೆ ಚಹಾ ಸುರುವುತ್ತ. "ಸುಳ್ಳ ಎಲ್ಲೀದು? ನನ್ನ ತಪ್ಪು ಎಲ್ಲೇ ಅಡಗಿರ್ಲಿ, ನೀವು ಅದನ್ನ ಹುಡುಕೇ ಹುಡುಕ್ತೀರಿ. ಅಷ್ಟು ವಿಶ್ವಾಸ ನನಗ ಬ್ಯಾರೆ ಯಾರ ಮ್ಯಾಲೂ ಇಲ್ಲ. ಎರಡನೇ ಹಂತದಾಗೂ ನನ್ನ ಕೆಲಸದ ರಿವ್ಯೂ ನೀವ ಮಾಡಬೇಕು ಅಂತ ಅವರಿಗೆ ಹೇಳೇನಿ."

ಚಹಾ ಚೆನ್ನಾಗಿತ್ತು. ಅದನ್ನೂ ನನಗೆ ಸಹಿಸಲಾಗಲಿಲ್ಲ.

ನಾನೀಗ ನಿವೃತ್ತಳು. ದೇಶದೇಶಗಳ ಸಹಕಾರಕ್ಕೆ ಹಣ ಕೊಡುವವರು ಸ್ನೇಹ, ಸೌಹಾರ್ದದ ಬಗ್ಗೆ ತುಂಬ ಮಾತಾಡುತ್ತಾರೆ. ನನ್ನ ನೌಕರಿ ಕಲಿಸಿದ್ದು ಬೇರೆ. ಸ್ನೇಹಿತರು ನಮ್ಮ ಹೊಲಕ್ಕೆ ಬೂಟು ಹಾಕಿಕೊಂಡು ಬಂದು ಹೊಗಳಿ ಹೋಗುತ್ತಾರೆ. ಬರಿಗಾಲಿನಲ್ಲಿ ನಡೆದು ನೋಡಲು ಹೊಟ್ಟೆಯಲ್ಲಿ ಸ್ವಲ್ಪ ಕಿಚ್ಚು ಇರಬೇಕು. ಅದನ್ನು ಆರಿಸಲು ಹೋಗಬಾರದು, ಅದಕ್ಕೊಂದು ಕೆಲಸ ಕೊಡಬೇಕು.

ಮಾಲತಿ ನನಗೆ ಆ ಕೆಲಸ ಕೊಟ್ಟಳು, ನಾನದನ್ನು ಇನ್ನೂ ಬಿಟ್ಟಿಲ್ಲ. ಪ್ರತಿ ಸೀಗೀ ಹುಣ್ಣಿಮೆಗೆ ಉಪ್ಪಿನಬೆಟಗೇರಿಗೆ ಹೋಗುತ್ತೇನೆ. ಗಂಗವ್ವನ ಹೊಲದ ಬದುವಿನಲ್ಲಿ ಚಪ್ಪಲಿ ಬಿಟ್ಟು, ಚರಗದ ಬುಟ್ಟಿಯ ಹಿಂದೆ ಸಾಲುಸಾಲು ಅಂಗಾಲು ಊರಿ ಹುಡುಕುತ್ತೇನೆ. ಈ ವರ್ಷವೂ ಒಂದು ಚೂರು ಗಾಜೂ ಸಿಗಲಿಲ್ಲ. ಹೋಳಿಗೆ ಉಂಡು, ಬೇಜಾರಾಗಿ ಮನೆಗೆ ಬಂದೆ.