ನಡೆಯುವ ಮಿಷಿನ್ನಿಗೊಂದು ಗವಸು

ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿದರೆ ನನಗೆ ನಮ್ಮಕ್ಕ ನೆನಪಾಗುತ್ತಾಳೆ. ಬೇರೆಯವರಿಗೆ ಅಕ್ಕ ಅಂದರೆ ಮಲ್ಲಿಗೆ, ಒಗ್ಗರಣೆ, ಅರಿಶಿನ. ನನಗೆ ರೆಕ್ಸಿನ್. ಹಣೆಬರಹ, ಯಾರನ್ನು ಬೈಯಲಿ?

ಹೋದ ವಾರ ಅಂಗಡಿ ಬಾಗಿಲು ತೆಗೆದು, ಹೊಲಿಗೆ ಮಿಷಿನ್ನಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು ಕೂತಿದ್ದೆ. ಹಿಂದಿನ ಬೀದಿಯ ಶೈಲಜಾ ಮೇಡಂ ಕಂಕುಳಲ್ಲಿ ಕಂದು ಬಣ್ಣದ ರೆಕ್ಸಿನ್ ಸುರುಳಿ ಇಟ್ಟುಕೊಂಡು ಬಂದರು. ಸೋಫಾಕ್ಕೋ ಅಂದೆ. ಅಲ್ಲವಂತೆ, ಮನೆಯ ಟ್ರೆಡ್‌ಮಿಲ್ಲಿಗೆ ಗವಸು ಹೊಲಿಯಬೇಕಂತೆ, ಧೂಳು ಕೂರುತ್ತದಂತೆ. ಓಡುವ ಮಿಷಿನ್ನಿನ ಮೇಲೆ ಧೂಳು ಹೇಗೆ ಕೂರುತ್ತದೆ ಮೇಡಂ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗಿರಾಕಿ ದೇವರು ಅಂತ ನುಂಗಿಕೊಂಡೆ. ನಾನು ಮಾತು ನುಂಗುವುದು ಅಪರೂಪ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಊರಿನ ಗುಟ್ಟೆಲ್ಲ ಡಾಕ್ಟರಿಗೆ ಗೊತ್ತು ಅಂತಾರೆ. ಸುಳ್ಳು. ಟೇಲರಿಗೆ ಗೊತ್ತು. ಡಾಕ್ಟರ ಮುಂದೆ ದಿನಾ ವಾಕಿಂಗ್ ಮಾಡ್ತೀನಿ ಅಂತ ಹೇಳಿ ಪಾರಾಗಬಹುದು. ನನ್ನ ಟೇಪಿನ ಮುಂದೆ ಆಗುವುದಿಲ್ಲ. ಹೊಟ್ಟೆಯನ್ನು ಒಳಗೆಳೆದುಕೊಂಡು ನಿಲ್ಲುವವರು ಬಹಳ ಜನ. ನಾನು ಸುಮ್ಮನೆ ಟೇಪು ಹಿಡಿದು, ಅವರ ಅತ್ತೆಯ ವಿಚಾರ ಕೇಳುತ್ತೇನೆ. ಮಾತು ಶುರು ಹಚ್ಚಿದ ಮೇಲೆ ಉಸಿರು ಬಿಡಲೇಬೇಕಲ್ಲ! ಆಗ ಅಳತೆ ಬರೆದುಕೊಳ್ಳುತ್ತೇನೆ. ಹಾಗಾಗಿ ನಮ್ಮ ಕಡೆ ಮನೆಯೊಳಗಿನ ಕಸರತ್ತಿನ ಮಿಷಿನ್ನುಗಳು ಯಾವಾಗ ಮೆರೆದವು, ಯಾವಾಗ ಮೂಲೆ ಸೇರಿದವು ಅನ್ನುವುದನ್ನು ನಾನು ಇಲ್ಲಿ ಕೂತಲ್ಲಿಂದಲೇ ಹೇಳಬಲ್ಲೆ. ಕೊರೋನಾ ಕಾಲದಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ ಹೆಂಗಸರು ಹೊರಗೆ ಬಂದಾಗ ಒಬ್ಬರ ರವಿಕೆಯೂ ಮೈಗೆ ಹತ್ತುತ್ತಿರಲಿಲ್ಲ, ಎಲ್ಲರದೂ ಒಂದೇ ಮಾತು, ಲೂಸ್ ಮಾಡಿಕೊಡಿ. ಆಮೇಲೆ ಮನೆಮನೆಗೆ ಮಿಷಿನ್ನುಗಳು ಬಂದವು. ಅದೇ ಹೆಂಗಸರು ಅದೇ ರವಿಕೆ ತಂದು ಟೈಟ್ ಮಾಡಿಕೊಡಿ ಅಂದರು, ಆ ಬಿಂಕ ನೋಡಬೇಕಿತ್ತು ನೀವು. ಸ್ವಲ್ಪ ದಿನ ಕಳೆದ ಮೇಲೆ ಕಣ್ಣು ತಪ್ಪಿಸಿಕೊಂಡು ಮತ್ತೆ ಲೂಸಿಗೆ ಬಂದರು. ಈಗ ರವಿಕೆಯ ಮಾತೇ ಬಿಟ್ಟು ಮಿಷಿನ್ನಿಗೇ ಬಟ್ಟೆ ಹೊಲಿಸುತ್ತಿದ್ದಾರೆ.

ಈ ಭರಾಟೆಯಲ್ಲಿ ನಮ್ಮ ಭಾವನ ಪಾಲೂ ಇದೆ. ಅಕ್ಕನನ್ನು ಕೊಟ್ಟಿರುವುದು ತಿ. ನರಸೀಪುರಕ್ಕೆ. ಭಾವನದು ಅಲ್ಲಿ ಪಾತ್ರೆ ಅಂಗಡಿ. ಮದುವೆಗೆ ಕೊಳಗ, ಹಂಡೆ, ಕೊಡ ಏನು ಬೇಕಾದರೂ ಸುತ್ತಲ ಹಳ್ಳಿಯವರು ಅಲ್ಲಿಗೇ ಬರಬೇಕು. ಮದುವೆಗಳು ನಿಂತುಹೋದ ಆ ವರ್ಷ ಕೊಳಗಗಳು ಅಂಗಡಿಯಲ್ಲೇ ಕೂತವು. ಭಾವ ಕೈಕಟ್ಟಿ ಕೂರುವವನಲ್ಲ. ಮೈಸೂರಿನಿಂದ ಮೊದಲು ನಿಂತಲ್ಲೇ ತುಳಿಯುವ ಸೈಕಲ್ಲು ತಂದ, ಆಮೇಲೆ ಟ್ರೆಡ್‌ಮಿಲ್ಲು. ಹಂಡೆಗಳು ಅಟ್ಟ ಹತ್ತಿದವು. ಎಂಥ ಬೇಡಿಕೆ ಅಂದರೆ, ಮದುವೆಗಳು ಮತ್ತೆ ಶುರುವಾದಾಗ ತಲಕಾಡಿನ ಕಡೆಯವರೊಬ್ಬರು ಮಗಳಿಗೆ ಕೊಡುವ ಪಾತ್ರೆಗಳ ಜೊತೆ ಟ್ರೆಡ್‌ಮಿಲ್ಲನ್ನೂ ಟ್ರ್ಯಾಕ್ಟರಿಗೆ ಏರಿಸಿದರು. ದಿನವಿಡೀ ಗದ್ದೆಯ ಕೆಸರು ತುಳಿದು ಬಂದ ಮನುಷ್ಯ, ನಡೆಯುವುದಕ್ಕೆ ಮಿಷಿನ್ನು ಕೊಂಡು ಹೋದ. ಅದರ ಹೆಸರು ಯಾರ ಬಾಯಲ್ಲೂ ತಿರುಗುತ್ತಿರಲಿಲ್ಲ. "ಸಾ, ಆ ನಡಿಯೋ ಮಿಸಿನ್ನು ಐತಾ?" ಅಂತಲೇ ಕೇಳುತ್ತಿದ್ದರಂತೆ. ಹೆಸರಿಟ್ಟರೆ ಹಾಗಿಡಬೇಕು.

ಅಕ್ಕನ ವಿಚಾರಕ್ಕೆ ಬರುತ್ತೇನೆ. ಸೂಜಿಗೆ ದಾರ ಪೋಣಿಸುವುದನ್ನು ನನಗೆ ಕಲಿಸಿದವಳು ಅವಳು. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಒಂದೇ ಸಲಕ್ಕೆ ಪೋಣಿಸಿಬಿಡುತ್ತಿದ್ದಳು. ನಾನು ಅಂಗಡಿ ಇಟ್ಟು ಹೆಸರು ಮಾಡಿದೆ, ಅವಳು ಸಂಸಾರ ಮಾಡಿದಳು. ಈಗಲೂ ನನ್ನ ಅಂಗಡಿಗೆ ಬರುವ ರೇಷ್ಮೆ ರವಿಕೆಗಳ ಕೈಹೊಲಿಗೆ ಅವಳೇ ಮಾಡಬೇಕು, ಬಸ್ಸಿನಲ್ಲಿ ಕಳಿಸಿ ಬಸ್ಸಿನಲ್ಲಿ ತರಿಸಿಕೊಳ್ಳುತ್ತೇನೆ. ಅವಳಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಯಿತು. ಮಾತ್ರೆ ನುಂಗು, ಅನ್ನ ಕಡಿಮೆ ಮಾಡು, ದಿನಾ ನಡಿ ಅಂತ ಡಾಕ್ಟರು ಹೇಳಿದ್ದರು. ಮಾತ್ರೆ ನುಂಗಿದಳು, ಅನ್ನ ಬಿಟ್ಟು ಮುದ್ದೆಗೆ ಬಂದಳು. ನಡೆಯುವುದೊಂದು ಮಾತ್ರ ಆಗಲಿಲ್ಲ.

ಯಾಕೆ ಅಂದರೆ ನಗಬೇಡಿ. ನಮ್ಮ ಕಡೆ ಹೊಸಿಲು ದಾಟಿದವರನ್ನು ಎದುರು ಸಿಕ್ಕವರು ಎಲ್ಲಿಗೆ ಹೊರಟ್ರಿ ಅಂತ ಕೇಳಲೇಬೇಕು. ಕೇಳದಿದ್ದರೆ ಮುನಿಸು ಅಂತ ಅರ್ಥ. ಅದಕ್ಕೊಂದು ಉತ್ತರವೂ ಇರಬೇಕು: ಮಾರ್ಕೆಟ್ಟಿಗೆ, ಆಸ್ಪತ್ರೆಗೆ, ನಾಮಕರಣಕ್ಕೆ. ಎಲ್ಲಿಗೂ ಇಲ್ಲ, ಸುಮ್ಮನೆ ನಡೆಯೋಕೆ ಅಂತ ಹೇಳುವುದು ಹೇಗೆ? ಕೆಲಸವಿಲ್ಲದೆ ಬೀದಿ ಅಳೆಯುವವಳು ಅಂತ ಅಂದುಕೊಳ್ಳುವುದಿಲ್ಲವೇ? ಅಕ್ಕ ಎರಡು ದಿನ ಹೊರಟು, ಎರಡು ದಿನವೂ ಕೇಳಿದವರಿಗೆ ಕೊತ್ತಂಬರಿ ಸೊಪ್ಪಿಗೆ ಅಂದು, ಎರಡು ಕಟ್ಟು ಸೊಪ್ಪು ತಂದು, ಮೂರನೆಯ ದಿನ ನಿಲ್ಲಿಸಿಬಿಟ್ಟಳು. ಮನೆಯಲ್ಲಿ ಸೊಪ್ಪು ಕೊಳೆಯಿತು.

ಅದಕ್ಕೇ ಭಾವ ಒಂದು ಟ್ರೆಡ್‌ಮಿಲ್ಲನ್ನು ಅಂಗಡಿಯಿಂದ ಮನೆಗೆ ಸಾಗಿಸಿ ನಡುಮನೆಯಲ್ಲಿ ಇಟ್ಟ. ಅಕ್ಕ ಸೆರಗು ಸಿಕ್ಕಿಸಿ, ಬರಿಗಾಲಲ್ಲಿ, ಎರಡೂ ಕೈಲಿ ಕಂಬಿ ಹಿಡಿದು ಹತ್ತಿದಳು. ಮೊದಲ ದಿನ ದೇವರ ಹೆಸರು ಜೋರಾಗಿ ಹೇಳಿಕೊಂಡೇ ನಡೆದಳಂತೆ. ಆಮೇಲೆ ಅಭ್ಯಾಸವಾಯಿತು. ಫೋನಿನಲ್ಲಿ ಏದುಸಿರು ಬಿಡುತ್ತಲೇ ನನ್ನ ಹತ್ತಿರ ಮಾತಾಡುತ್ತಿದ್ದಳು. "ಎಷ್ಟ್ ದೂರ ನಡುದ್ರೂ ಒಬ್ರೂ ಎಲ್ಗೆ ಅಂತ ಕೇಳಕಿಲ್ಲ ಕಣೇ," ಅಂತ ಒಂದು ದಿನ ಹೇಳಿದಾಗ ಅವಳ ದನಿಯಲ್ಲಿ ಎಂಥ ಖುಷಿ ಇತ್ತು ಅಂತೀರಿ. ಸಕ್ಕರೆ ಇಳಿಯಿತು. ಅವಳ ರವಿಕೆಯನ್ನು ನಾನೇ ಟೈಟ್ ಮಾಡಿಕೊಟ್ಟೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ವ್ಯಾಪಾರ ಕೈಹಿಡಿದ ವರ್ಷ, ಭಾವನ ಭಕ್ತಿ ಉಕ್ಕಿ ಹರಿಯಿತು. ಅಂಗಡಿಯಲ್ಲಿ ಪೂಜೆ ಮುಗಿಸಿಕೊಂಡು ಮನೆಗೆ ಬಂದು, ಸ್ಕೂಟರು, ಮಿಕ್ಸಿ, ಈಳಿಗೆಮಣೆಯ ಸಾಲಿನಲ್ಲೇ ಟ್ರೆಡ್‌ಮಿಲ್ಲಿಗೂ ಪೂಜೆ ಮಾಡಿದ. ಕಂಬಿಗೆ ಬಾಳೆಕಂದು ಕಟ್ಟಿದ. ಕಂಬಿಗೇ ವಿಭೂತಿ ಹಚ್ಚಿ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕಾಲಿಡುವ ಪಟ್ಟಿಯ ಮೇಲೇ ಅಗಲವಾಗಿ ಮೂರು ಬೆರಳು ಎಳೆದು, ನಡುವೆ ಕುಂಕುಮ ಇಟ್ಟು, ಹೂ ಹಾಕಿ, ಮಂಗಳಾರತಿ ಮಾಡಿದ. ಅಕ್ಕನೂ ಕೈಮುಗಿದಳು.

ಮಾರನೆಯ ದಿನದಿಂದ ಅವಳು ಅದನ್ನು ಹತ್ತಲಿಲ್ಲ.

ನನಗೆ ಇದು ಗೊತ್ತಾದದ್ದೇ ತಡವಾಗಿ. ಒಂದು ದಿನ ಫೋನು ಮಾಡಿ, ಮಿಷಿನ್ನಿಗೆ ಒಂದು ಗವಸು ಹೊಲಿದುಕೊಡು, ಬೆಕ್ಕು ಹತ್ತುತ್ತೆ ಅಂದಳು. ನೀನು ಹತ್ತಿದರೆ ಬೆಕ್ಕು ಯಾಕೆ ಹತ್ತುತ್ತೆ ಅಂದೆ. ಪೂಜೆ ಮಾಡಿದ್ದನ್ನು ತುಳಿಯೋದು ಹೇಗೆ ಅಂದಳು. ನನಗೆ ನಗು ಬಂತು. ಆಮೇಲೆ ಭಾವ ಫೋನು ಇಸಿದುಕೊಂಡು ಉಳಿದದ್ದು ಹೇಳಿದ. ಸಕ್ಕರೆ ಮತ್ತೆ ಏರಿದೆ. ಮೈಸೂರಿನ ಕಣ್ಣಿನ ಡಾಕ್ಟರು ಕಣ್ಣಿನ ಹಿಂಭಾಗದಲ್ಲಿ ರಕ್ತ ಒಸರುವುದಕ್ಕೆ ಶುರುವಾಗಿದೆ, ಸಕ್ಕರೆ ಹಿಡಿತಕ್ಕೆ ಬರದಿದ್ದರೆ ದೃಷ್ಟಿ ಹೋಗುತ್ತದೆ ಅಂದಿದ್ದಾರೆ. ನನ್ನ ನಗು ಅಲ್ಲೇ ನಿಂತಿತು.

ಆ ಗವಸನ್ನು ಹಲ್ಲುಕಚ್ಚಿಕೊಂಡು ಹೊಲಿದೆ. ಕಪ್ಪು ರೆಕ್ಸಿನ್ನು, ಸೂಜಿ ಇಳಿಯದು, ಅಂಗಡಿ ತುಂಬ ವಾಸನೆ. ಮಡಿಸಿ ಚೀಲಕ್ಕೆ ತುರುಕಿ ನರಸೀಪುರದ ಬಸ್ಸು ಹತ್ತಿದೆ. ಮೊದಲು ಅಂಗಡಿಗೆ ಹೋದೆ. ಅಲ್ಲಿ ನೋಡಿದರೆ ಇನ್ನೊಂದು ನಾಟಕ. ಕೊಂಡವರೆಲ್ಲ ಮಿಷಿನ್ನು ವಾಪಸು ತರುತ್ತಿದ್ದಾರೆ, ಹಳೆಯ ತಪ್ಪಲೆ ಕೊಟ್ಟು ಹೊಸದು ಒಯ್ಯುವ ಹಾಗೆ ಟ್ರೆಡ್‌ಮಿಲ್ಲು ಕೊಟ್ಟು ಹಂಡೆ ಕೊಡಿ ಅನ್ನುತ್ತಿದ್ದಾರೆ. ಅಟ್ಟ ಹತ್ತಿದ್ದ ಹಂಡೆಗಳು ಇಳಿದಿದ್ದವು. ಮಿಷಿನ್ನುಗಳು ಹಿತ್ತಲ ಶೀಟಿನ ಕೆಳಗೆ ಗುಜರಿಯವನಿಗೆ ಕಾಯುತ್ತಿದ್ದವು. ಭಾವ ಅದಕ್ಕೆಲ್ಲ ತಲೆ ಕೆಡಿಸಿಕೊಂಡಿರಲಿಲ್ಲ. ವ್ಯಾಪಾರ ಏರುತ್ತೆ ಇಳಿಯುತ್ತೆ, ನಿಮ್ಮಕ್ಕನಿಗೆ ಒಂದು ಮಾತು ಹೇಳು ಅಂದ.

ಮನೆಗೆ ಹೋಗಿ ಮೊದಲು ಸಮಾಧಾನದಿಂದಲೇ ಹೇಳಿದೆ. ನಾನೂ ನನ್ನ ಹೊಲಿಗೆ ಮಿಷಿನ್ನಿಗೆ ಪೂಜೆ ಮಾಡುತ್ತೇನೆ, ಪೆಡಲಿಗೂ ಕುಂಕುಮ ಇಡುತ್ತೇನೆ, ಮಾರನೆಯ ದಿನ ಅದೇ ಪೆಡಲು ತುಳಿಯುವುದಿಲ್ಲವೇ ಅಂದೆ. "ಅದು ಕೆಲ್ಸ ಕಣವ್ವ. ನೀ ಮುಟ್ಟಿ ಕಣ್ಗೊತ್ಕೊಂಡು ತುಳೀತೀಯ. ಇದ್ಯಾವ್ ಕೆಲ್ಸ?" ಅಂದಳು ಅಕ್ಕ. ಅಷ್ಟು ಅಂದು ಮುದ್ದೆ ತಿರುವುವುದಕ್ಕೆ ಹೋದಳು. ನನಗೆ ಆಗ ತಿಳಿಯಿತು. ಬೀದಿಯಲ್ಲಿ ನಡೆಯದಿದ್ದದ್ದಕ್ಕೂ ಮಿಷಿನ್ನು ಹತ್ತದಿದ್ದದ್ದಕ್ಕೂ ಕಾರಣ ಒಂದೇ. ತನ್ನ ಮೈ ನೋಡಿಕೊಳ್ಳುವುದು ಒಂದು ಕೆಲಸ ಅಂತಲೇ ಅವಳ ಲೆಕ್ಕದಲ್ಲಿ ಇರಲಿಲ್ಲ.

ನನ್ನ ಪಿತ್ತ ನೆತ್ತಿಗೇರಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಂದೆ: "ಅಲ್ಲಾ ಕಣಕ್ಕ, ಒಂದಿನ ಇಬೂತಿ ಹಚ್ಚುದ್ರು ಅಂತ ಆ ರಬ್ಬರ್ ಪಟ್ಟೀಗೆ ಇಷ್ಟ್ ಮರ್ವಾದಿ ಕೊಡ್ತೀಯ. ನಿನ್ನ ಅಣೆಗೆ ದಿನಾ ಎದ್ದು ಹಚ್ಕೋತೀಯಲ್ಲ, ಈ ಮೈಗೆ ಯಾವತ್ತಾರ ಮರ್ವಾದಿ ಕೊಟ್ಟಿದ್ದೀಯಾ?"

ಅಕ್ಕ ಮುದ್ದೆ ಕಟ್ಟಿದಳು, ಸಾರು ಬಡಿಸಿದಳು, ಇನ್ನೊಂಚೂರು ಹಾಕ್ಕೋ ಅಂದಳು. ಊಟವಾದ ಮೇಲೆ ಗವಸನ್ನು ಬಿಚ್ಚಿ, ನನ್ನ ಹೊಲಿಗೆಯ ಮೇಲೆ ಬೆರಳಾಡಿಸಿ, ಮೂಲೆ ಚೆನ್ನಾಗಿ ಬಂದಿದೆ ಅಂತ ಹೇಳಿ ಮಿಷಿನ್ನಿಗೆ ಹೊದಿಸಿದಳು. ನಾನು ಸೋತು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳು ಕುರುಡಿಯಾಗಿ ಗೋಡೆ ತಡವರಿಸುವುದೇ ಕಣ್ಣ ಮುಂದೆ. ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತೆ. ಕಂಡಕ್ಟರು ಟಿಕೆಟ್ ಕೇಳುವುದನ್ನೂ ಮರೆತು ಹಿಂದಕ್ಕೆ ಹೋದ.

ಸ್ವಲ್ಪ ದಿನಕ್ಕೆ ಭಾವನ ಫೋನು. ಅಕ್ಕ ಬೆಳಗಾಗೆದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಂಗಡಿಯಿಂದ ತರಿಸಿಕೊಂಡ ಒಂದು ತಾಮ್ರದ ಚೊಂಬು ಹಿಡಿದು ಹೊರಟಳಂತೆ. ಎಲ್ಲಿಗೆ ಅಂದರೆ ಸಂಗಮಕ್ಕೆ, ಪೂಜೆಗೆ ನೀರು ತರೋಕೆ. ಮನೆಯಲ್ಲಿ ನಲ್ಲಿ ಇದೆ, ಬೋರಿದೆ. ಆದರೆ ಹೊಳೆಯ ನೀರಿಗೆ ಹೊರಟವಳನ್ನು ಯಾರು ಏನು ಅಂದಾರು? ಕೇಳಿದವರೆಲ್ಲ ಒಳ್ಳೇದಾಯ್ತು ಬಿಡವ್ವ ಅಂದು ದಾರಿ ಬಿಟ್ಟರಂತೆ. ನಮ್ಮೂರ ಮುಂದೆ ಹರಿದುಹೋದ ಕಪಿಲೆ ಅಲ್ಲಿ ಕಾವೇರಿಗೆ ಸೇರುತ್ತಾಳೆ. ಅಕ್ಕ ದಿನಾ ಅಲ್ಲಿಯವರೆಗೆ ನಡೆದು, ಒಂದು ಚೊಂಬು ನೀರು ತಂದು, ಲಿಂಗಕ್ಕೆ ಎರೆದು, ಆಮೇಲೆ ಕಾಫಿಗೆ ಇಡುತ್ತಿದ್ದಳು. ಮಳೆಗೆ ಹೊಳೆ ಕೆಂಪಾದಾಗಲೂ ಬಿಡಲಿಲ್ಲ. ನನ್ನ ಮಾತು ಕೇಳಿ ಹೊರಟಳೋ ತಾನೇ ಯೋಚಿಸಿ ಹೊರಟಳೋ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸಕ್ಕರೆ ಇಳಿಯಿತು. ಕಣ್ಣು ಇದ್ದಷ್ಟಕ್ಕೆ ನಿಂತಿದೆ, ಹೀಗೇ ನಡೀತಾ ಇರಿ ಅಂದರು ಡಾಕ್ಟರು. ಗವಸು ಹೊದ್ದ ಮಿಷಿನ್ನು ಮಾತ್ರ ಈಗಲೂ ನಡುಮನೆಯಲ್ಲೇ ಇದೆ. ಆಯುಧಪೂಜೆಗೊಮ್ಮೆ ಗವಸು ತೆಗೆದು ಮಂಗಳಾರತಿ ಮಾಡುತ್ತಾರೆ.

ಈಚೆಗೆ ಒಂದು ಬೆಳಿಗ್ಗೆ ಅಕ್ಕ ಫೋನು ಮಾಡಿ, ಇವತ್ತು ಚೊಂಬು ಮನೇಲೇ ಬಿಟ್ಟು ಹೋಗಿದ್ದೆ ಅಂದಳು. ಮರೆತೆಯಾ ಅಂದೆ. ಇಲ್ಲ, ಬೇಕಂತಲೇ ಬಿಟ್ಟೆ ಅಂದಳು.

"ಯಾರಾರ ಕೇಳುದ್ರಾ?"

"ಕೇಳುದ್ರು. ಸುಮ್ಕೆ ನಡಿಯಕ್ ಒಂಟಿವ್ನಿ ಅಂದೆ."

"ಅದ್ಕೇನಂದ್ರು?"

"ಏನೂ ಅನ್ನಲಿಲ್ಲ ಕಣೇ," ಅಂದವಳೇ ನಗುವುದಕ್ಕೆ ಶುರು ಮಾಡಿದಳು. ನಕ್ಕಳು, ನಕ್ಕಳು, ಕೆಮ್ಮು ಬರುವ ತನಕ ನಕ್ಕಳು. ಇದರಲ್ಲಿ ಅಷ್ಟು ನಗುವಂಥದ್ದು ಏನಿದೆ ಅಂತ ನನಗೆ ಆಗ ಹೊಳೆಯಲಿಲ್ಲ.

ಶೈಲಜಾ ಮೇಡಂ ಗವಸಿಗೆ ಬರೋಣ. ಮಿಷಿನ್ನಿನ ಅಳತೆಗೆ ಅವರ ಮನೆಗೆ ಹೋಗಿದ್ದೆ. ಮಹಡಿಯ ಮೇಲಿತ್ತು. ಹತ್ತುವಷ್ಟರಲ್ಲಿ ನನಗೆ ಎದೆ ಡವಡವ, ಮೆಟ್ಟಿಲ ಕಟಕಟೆ ಹಿಡಿದು ನಿಂತುಬಿಟ್ಟೆ. ಊರಿಗೆಲ್ಲ ಟೇಪು ಹಿಡಿಯುವ ನಾನು ನನ್ನ ಸೊಂಟಕ್ಕೆ ಹಿಡಿದು ಎಷ್ಟು ಕಾಲವಾಯಿತೋ. ಅಂಗಡಿಗೆ ಬಂದು, ಬಾಗಿಲು ಅರೆ ಮುಚ್ಚಿ, ಹಿಡಿದೆ. ಹೊಟ್ಟೆ ಒಳಗೆಳೆದುಕೊಂಡೇ ಹಿಡಿದೆ, ಸುಳ್ಳು ಯಾಕೆ ಹೇಳಲಿ. ಎಷ್ಟು ಬಂತು ಅಂತ ಮಾತ್ರ ಕೇಳಬೇಡಿ.

ಮಾರನೆಯ ಬೆಳಿಗ್ಗೆ ಹೊಳೆಯ ಕಡೆ ನಡೆಯೋಣ ಅಂತ ಹೊರಟೆ. ಬೀದಿ ಕೊನೆಯಲ್ಲಿ ಹೂ ಮಾರುವ ಕೆಂಪಮ್ಮ ಕೂತಿದ್ದಳು. "ಎಲ್ಗ್ ಒಂಟ್ರಿ ಟೇಲರಕ್ಕಾ?" ಅಂದಳು. ಬಾಯಿಬಡುಕಿ ಅಂತ ಊರೆಲ್ಲ ಹೆಸರಾದ ನನ್ನ ಬಾಯಿಂದ "ಹಾಲಿಗೆ" ಅಂತ ಬಂತು. ಹಾಲು ಆಗಲೇ ಮನೆಗೆ ಬಂದಿತ್ತು. ಹೋಗಿ ಅರ್ಧ ಲೀಟರ್ ಕೊಂಡು, ಪ್ಯಾಕೆಟ್ಟು ತೂಗಾಡಿಸಿಕೊಂಡು ವಾಪಸು ಬಂದೆ. ಅಡುಗೆಮನೆಯಲ್ಲಿ ಎರಡು ಪ್ಯಾಕೆಟ್ಟು ಅಕ್ಕಪಕ್ಕ ಇಟ್ಟು ನೋಡಿದಾಗ ಅಕ್ಕನ ಮನೆಯಲ್ಲಿ ಕೊಳೆತ ಕೊತ್ತಂಬರಿ ಸೊಪ್ಪು ನೆನಪಾಯಿತು. ಮೈಗೆ ಮರ್ಯಾದೆ ಕೊಟ್ಟಿದ್ದೀಯಾ ಅಂತ ಅವಳಿಗೆ ಬುದ್ಧಿ ಹೇಳಿದವಳು ನಾನೇ ಅಲ್ಲವೇ?

ಇವತ್ತು ಬೆಳಿಗ್ಗೆ ಕೈಬೀಸಿಕೊಂಡು ಹೊರಟೆ. ಕೆಂಪಮ್ಮ ಕೇಳಿದಳು. "ಎಲ್ಗೂ ಇಲ್ಲ ಕಣ್ ಕೆಂಪಮ್ಮ, ನಡಿಯಕ್ಕೆ," ಅಂದೆ. ಅಂದು, ಅವಳ ಮುಖ ನೋಡುತ್ತ ನಿಂತೆ.

"ಊಂ, ಓಗ್ಬನ್ನಿ," ಅಂದಳು ಕೆಂಪಮ್ಮ. ಮತ್ತೆ ತಲೆ ಬಗ್ಗಿಸಿ ಹೂ ಕಟ್ಟತೊಡಗಿದಳು.

ಅಷ್ಟೇ. ಇಷ್ಟೇ ಇಷ್ಟಕ್ಕೆ ನಮ್ಮಕ್ಕ ತನ್ನ ಕಣ್ಣು ಕಳೆದುಕೊಳ್ಳುವುದಕ್ಕೆ ಹೊರಟಿದ್ದಳು. ನಾನು ನಡುಬೀದಿಯಲ್ಲಿ ನಿಂತು, ಕೆಮ್ಮು ಬರುವ ತನಕ ನಕ್ಕೆ.