ನಾನು ಮುದ್ದೆ ತಿರುವದ ಒಂದು ದಿನ

ಮೇಟಗಳ್ಳಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ನಾನು ಗುತ್ತಿಗೆ ಕೆಲಸದವಳು. ಸೇರಿದ್ದು ನೆಲ ಗುಡಿಸಿ ಪಾತ್ರೆ ತೊಳೆಯಲು. ಆರು ತಿಂಗಳಿಗೆ ಅಡುಗೆಯವರು ಬಿಟ್ಟುಹೋದರು. "ಒಂದ್ವಾರ ಸುಧಾರಿಸ್ಬುಡಕ್ಕಾ" ಎಂದರು ಗುತ್ತಿಗೆದಾರರ ಸೂಪರ್‌ವೈಸರ್. ಆ ಒಂದು ವಾರ ಮೂರು ವರ್ಷ ನಡೆಯಿತು. ಇನ್ನೂರು ಜನಕ್ಕೆ ಮುದ್ದೆ, ಬಸ್ಸಾರು, ಪಲ್ಯ ಎಲ್ಲ ನನ್ನ ಕೈಯದೇ.

ತಪಾಸಣೆಗೆ ಯಾರೋ ಬರುತ್ತಾರೆಂದು ಒಂದು ದಿನ ಸೂಪರ್‌ವೈಸರ್ ಕನಿಷ್ಠ ವೇತನದ ಪಟ್ಟಿ ತಂದು ಗೋಡೆಗೆ ಅಂಟಿಸಲು ನನಗೇ ಕೊಟ್ಟರು. ಅನ್ನದ ಗಂಜಿ ಸವರಿ ಅಂಟಿಸಿದೆ. ಅಂಟಿಸಿದ ಮೇಲೆ ಓದದೆ ಇರುತ್ತೇನೆಯೇ? ಗುತ್ತಿಗೆ ಕಾರ್ಮಿಕರಿಗೂ ಇದೇ ದರ ಎಂದು ಅಚ್ಚ ಕನ್ನಡದಲ್ಲಿತ್ತು. ಅಡುಗೆಯವರು, ಕುಶಲ. ಗುಡಿಸುವವರು, ಪಾತ್ರೆ ತೊಳೆಯುವವರು, ಅಕುಶಲ. ಗುಡಿಸುವುದಕ್ಕೂ ಕೌಶಲ ಬೇಕು, ಆ ಜಗಳ ಬೇರೆ. ಕುತ್ತಿಗೆಯಲ್ಲಿದ್ದ ನನ್ನ ಕಾರ್ಡು ತಿರುಗಿಸಿ ನೋಡಿದೆ. ಗುಡಿಸುವವರು, ಅಕುಶಲ ಎಂದೇ ಇತ್ತು. ಕೂಲಿಯೂ ಆ ಸಾಲಿನದೇ.

ಕೇಳಿದೆ. ಸೂಪರ್‌ವೈಸರ್ ನಕ್ಕುಬಿಟ್ಟರು. "ಮುದ್ದೆ ಮಾಡಕ್ಕೆ ಯಾವ ಕೌಶಲ ಕಣಕ್ಕಾ? ಮನೇಲಿ ಎಲ್ಲಾ ಹೆಂಗಸ್ರೂ ಮಾಡಲ್ವಾ?"

ನನ್ನ ಮೈಯೆಲ್ಲಾ ಉರಿದುಹೋಯಿತು.

ಮರುದಿನ ಬೆಳಿಗ್ಗೆ ಬಂದವಳೇ ಪೊರಕೆ ಹಿಡಿದೆ. ಇಡೀ ಕ್ಯಾಂಟೀನು ಗುಡಿಸಿದೆ, ಒರೆಸಿದೆ, ಕಿಟಕಿಯ ಸರಳು ಸಹ ಬಿಡಲಿಲ್ಲ. ನಾಳೆಯಿಂದ ಬರಬೇಡ ಎಂದರೆ ನನ್ನ ಕಥೆ ಮುಗಿದಂತೆಯೇ. ಆ ಭಯ ಇದ್ದೇ ಇತ್ತು, ಆದರೂ ಒಲೆಯ ಕಡೆ ಹೋಗಲಿಲ್ಲ.

ಹತ್ತು ಗಂಟೆಗೆ ಸೂಪರ್‌ವೈಸರ್ ಓಡಿಬಂದರು. "ಇನ್ನೂ ಎಸ್ರು ಇಟ್ಟಿಲ್ವಾ?"

"ನಾನೆಂಗೆ ಇಡೋದು ಸಾರ್? ಕಾರ್ಡಲ್ಲಿ ನಾನು ಗುಡ್ಸೋಳು ಕಣ್ರೀ. ನಿಮ್ಮನೇಲಿ ಎಲ್ರೂ ಮಾಡ್ತಾರಲ್ಲ, ನೀವೂ ನೋಡಿರ್ತೀರ. ಮಾಡಿ."

ಹಠದ ಮನುಷ್ಯ. ತಾವೇ ಎಸರಿಟ್ಟರು, ಹಿಟ್ಟನ್ನೆಲ್ಲ ಒಮ್ಮೆಗೇ ಸುರಿದರು, ಕೋಲು ಹಿಡಿದು ಗುದ್ದಾಡಿದರು. ಕನ್ನಡಕದ ಮೇಲೂ ಹಿಟ್ಟು. ನಾನು ಅಲ್ಲೇ ಮೂರನೇ ಸಲ ನೆಲ ಒರೆಸುತ್ತಾ ತುಟಿ ಕಚ್ಚಿ ನಗು ತಡೆದುಕೊಂಡೆ.

ಊಟದ ಹೊತ್ತಿಗೆ ಕಾರ್ಖಾನೆಯ ಆಡಳಿತದ ಮೇಡಂ ಕೂಡ ತಟ್ಟೆ ಹಿಡಿದು ಬಂದರು. ಅವರು ಮುದ್ದೆ ಮುರಿದರೆ ಒಳಗಿಂದ ಒಣ ಹಿಟ್ಟು ಉದುರಿತು. ಸಾಲಿನಲ್ಲಿದ್ದವರು ಹೋ ಎಂದರು.

"ಇದೇನ್ರೀ ಹೀಗಿದೆ? ದಿನಾ ಯಾರು ಮಾಡ್ತಾರೆ?" ಎಂದು ಮೇಡಂ ಕೇಳಿದರು.

ಸೂಪರ್‌ವೈಸರ್ ಕನ್ನಡಕದ ಹಿಟ್ಟು ಒರೆಸತೊಡಗಿದರು. ನನ್ನ ಹೆಸರು ಹೇಳಿದರೆ ಕಾರ್ಡು ಸುಳ್ಳಾಗುತ್ತದೆ, ಹೇಳದಿದ್ದರೆ ಮೂರು ವರ್ಷದ ಊಟ ಎಲ್ಲಿಂದ ಬಂತು ಎನ್ನಬೇಕು? ಅಷ್ಟರಲ್ಲಿ ಸಾಲಿನಿಂದ ಕೂಗು ಬಂತು. "ನಮ್ಮಕ್ಕ ಕಣ್ರೀ ಮೇಡಂ! ಅಗೋ, ಪೊರಕೆ ಹಿಡ್ಕೊಂಡು ನಿಂತವ್ರೆ!" ಎಷ್ಟೋ ಕೈಗಳು ನನ್ನ ಕಡೆ ತೋರಿಸಿದವು. ಆ ಕ್ಷಣದ ಸಂತೋಷ ಎಷ್ಟೆಂದು ಹೇಳಲು ನನಗೆ ಬರುವುದಿಲ್ಲ.

ಮೇಡಂ ನನ್ನ ಕಾರ್ಡು ಓದಿದರು, ಗೋಡೆಯ ಪಟ್ಟಿ ಓದಿದರು. "ಮಾಡೋ ಕೆಲಸದ ದರ್ಜೆ ಕೊಡ್ಬೇಕು ಕಣ್ರೀ. ನೀವು ಕೊಡ್ದೇ ಇದ್ರೆ ಕಾನೂನು ನಮ್ಮನ್ನೂ ಹಿಡಿಯುತ್ತೆ" ಎಂದು ಸೂಪರ್‌ವೈಸರ್‌ಗೆ ಹೇಳಿದರು.

ಸಂಜೆ ಸೂಪರ್‌ವೈಸರ್ ಹೊಸ ಕಾರ್ಡು ತಂದರು. 'ಅರೆಕುಶಲ' ಎಂದಿತ್ತು. ಹಿಂದಕ್ಕೆ ಕೊಟ್ಟೆ. "ಅರೆಬೆಂದಿದ್ದು ತಿಂದ್ರೆ ಎಂಗಿರತ್ತೆ ಅಂತ ಮಧ್ಯಾಹ್ನ ಗೊತ್ತಾಗ್ಲಿಲ್ವಾ ಸಾರ್?" ಅವರಿಗೂ ನಗು ಬಂತು. ಮರುದಿನ ಸರಿಯಾದ ಕಾರ್ಡು ಬಂತು. ಅಡುಗೆಯವರು, ಕುಶಲ.

ಅದನ್ನು ಕುತ್ತಿಗೆಗೆ ಹಾಕಿಕೊಂಡು ಎಸರಿಗೆ ಹಿಟ್ಟು ಬಿಡಲು ಹೋದವಳು ಹಿಟ್ಟಿನ ಪಾತ್ರೆ ಮತ್ತೆ ಕೆಳಗಿಟ್ಟೆ! ಮೂರು ವರ್ಷದಲ್ಲಿ ಒಮ್ಮೆಯೂ ಹೀಗೆ ಅನುಮಾನಿಸಿದ್ದಿಲ್ಲ. ಇಷ್ಟು ದಿನ ಕೆಟ್ಟಿದ್ದರೆ ಗುಡಿಸುವವಳು ಮಾಡಿದ್ದು ಎಂದು ಸುಮ್ಮನಾಗುತ್ತಿದ್ದರು. ಇನ್ನು ಕೆಟ್ಟರೆ ಅಡುಗೆಯವಳೇ ಕೆಡಿಸಿದಳು ಎನ್ನುತ್ತಾರೆ. ಒಲೆಯ ಮುಂದೆ ಒಬ್ಬಳೇ ನಿಂತು ನಕ್ಕೆ, ಕಣ್ಣೂ ತುಂಬಿತು. ಆಮೇಲೆ ಹಿಟ್ಟನ್ನು ಇನ್ನೊಂದು ಸಲ ಜರಡಿ ಹಿಡಿದೆ.